ಬಸ್ ಖಾಲಿಯಾ ಅಂತ ಕೇಳಿದರೆ ತಲೆ ಎಣಿಸಬೇಕಾ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಉದ್ಯೋಗ ಪುಟವನ್ನು ನಮ್ಮ ಮನೆಯಲ್ಲಿ ಎಲ್ಲರೂ ಓದುತ್ತೇವೆ. ಎಂಜಿನಿಯರಿಂಗ್ ಕೊನೇ ವರ್ಷದಲ್ಲಿರುವ ಅಕ್ಕನ ಮಗ ಅದನ್ನು ಕತ್ತರಿಸಿ ಫೈಲಿನಲ್ಲಿ ಇಟ್ಟುಕೊಳ್ಳುತ್ತಾನೆ. ಈಚೆಗೆ ಆ ಪುಟದಲ್ಲಿ ಎಐ, ಆ್ಯಪ್ ಬಿಟ್ಟರೆ ಬೇರೆ ಮಾತೇ ಇಲ್ಲ. ನಾನು ಹನ್ನೊಂದು ವರ್ಷದಿಂದ ಲಿನಕ್ಸ್ ಕರ್ನಲ್, ಅಂದರೆ ಆ್ಯಪ್‌ಗಳಿಗೂ ಯಂತ್ರಕ್ಕೂ ಮಧ್ಯೆ ಕೂತು ಮೆಮೊರಿ, ಡಿಸ್ಕ್, ಸಿಪಿಯು ಹಂಚುವ ಮೂಲ ಸಾಫ್ಟ್‌ವೇರ್‌ನ ಕೆಲಸ ಮಾಡುತ್ತಿದ್ದೇನೆ. ಮೊನ್ನೆ ಅವನಿಗೆ ಇದನ್ನೂ ಸ್ವಲ್ಪ ಕಲಿಯೋ ಅಂದೆ. "ಚಿಕ್ಕಮ್ಮ, ಅದೆಲ್ಲ ಯಾರೋ ಆಗ್ಲೇ ಬರೆದಿಟ್ಟಿದ್ದಾರೆ. ಇನ್ನೇನಿದೆ ಮಾಡೋಕೆ?" ಅಂದ. ಕಾಲೇಜಿನಲ್ಲೂ ಹಾಗೇ ಹೇಳಿದ್ದಾರಂತೆ. ನನಗೆ ಬೇಜಾರಾಯಿತು. ಅವನಿಗೆ ಕೊಟ್ಟ ಉತ್ತರವನ್ನೇ ನಿಮಗೂ ಬರೆಯುತ್ತಿದ್ದೇನೆ.

ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ದರು. ರಾತ್ರಿ ಸರ್ವಿಸ್‌ಗೆ ಹೊರಟಾಗ ಕೈಯಲ್ಲಿ ರಿಸರ್ವೇಶನ್ ಚಾರ್ಟ್ ಇರುತ್ತಿತ್ತು. ಸೀಟ್ ನಂಬರಿನ ಮುಂದೆ ಗೀಟು ಬಿದ್ದಿದ್ದರೆ ಜನ ಬಂದಿದ್ದಾರೆ, ಬೀಳದಿದ್ದರೆ ಖಾಲಿ. ಕರ್ನಲ್‌ನಲ್ಲಿರುವ ಬಿಟ್‌ಮ್ಯಾಪ್ ಅಂದರೆ ಅದೇ ಚಾರ್ಟು. ಒಂದು ಸೀಟಿಗೆ ಒಂದು ಬಿಟ್. 1 ಇದ್ದರೆ ಭರ್ತಿ, 0 ಇದ್ದರೆ ಖಾಲಿ. ಯಾವ ಸಿಪಿಯು ಚಾಲೂ ಇದೆ, ಡಿಸ್ಕ್‌ನಲ್ಲಿ ಎಲ್ಲಿ ಜಾಗ ಇದೆ, ಎಲ್ಲದಕ್ಕೂ ಇಂಥ ಚಾರ್ಟ್ ಬೇಕು. ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಸಾಮಾನ್ಯವಾಗಿ 4 ಕೆಬಿಯ ಒಂದು ಬ್ಲಾಕನ್ನು, ಅಂದರೆ ಡಿಸ್ಕಿನ ಒಂದು ತುಂಡನ್ನು, ಈ ಲೆಕ್ಕಕ್ಕೆ ಇಟ್ಟಿರುತ್ತಾರೆ. ಅದರಲ್ಲಿ 32,768 ಬಿಟ್. ಒಂದೊಂದು ಬಿಟ್ಟೂ 4 ಕೆಬಿಯ ಒಂದೊಂದು ಬ್ಲಾಕಿನ ಲೆಕ್ಕ ಹೇಳುತ್ತದೆ. ಅಲ್ಲಿಗೆ 128 ಎಂಬಿ ಜಾಗದ ಲೆಕ್ಕ ಒಂದೇ ಹಾಳೆಯಲ್ಲಿ ಮುಗಿಯಿತು.

ಕೊನೇ ಸ್ಟಾಪಿನಲ್ಲಿ ಅಪ್ಪ ಬಸ್ಸಿನೊಳಗೆ ಒಮ್ಮೆ ಕಣ್ಣು ಹಾಯಿಸುತ್ತಿದ್ದರು, ಯಾರಾದರೂ ಮಲಗಿಬಿಟ್ಟಿದ್ದಾರಾ ಅಂತ. ಮೊದಲ ಸಾಲಿನಲ್ಲೇ ಒಬ್ಬರು ಕಂಡರೆ ಸಾಕು, ಬಸ್ ಖಾಲಿ ಇಲ್ಲ ಅಂತ ಗೊತ್ತಾಯಿತು. ಹಿಂದಿನ ಸೀಟಿನವರೆಗೂ ಹೋಗಿ ತಲೆ ಎಣಿಸಿ, ಒಟ್ಟು ಸೊನ್ನೆಯಾ ಅಂತ ಯಾರೂ ನೋಡುವುದಿಲ್ಲ ಅಲ್ವಾ? ಕರ್ನಲ್‌ನಲ್ಲಿ ಎಷ್ಟೋ ಕಡೆ ಹಾಗೇ ನೋಡುತ್ತಿದ್ದರು. ಎಷ್ಟು ಬಿಟ್ 1 ಇವೆ ಅಂತ ಎಣಿಸುವ ಫಂಕ್ಷನ್, ಅಂದರೆ ಕೋಡಿನ ತುಣುಕು, ಬಿಟ್‌ಮ್ಯಾಪ್ ವೆಯ್ಟ್. ಅದನ್ನು ಕರೆದು, ಬಂದ ಉತ್ತರ ಸೊನ್ನೆಯಾ ಅಂತ ಹೋಲಿಸುತ್ತಿದ್ದರು. ಪ್ರೊಸೆಸರ್ ಒಂದೇ ಸಲಕ್ಕೆ ಓದುವ 64 ಬಿಟ್‌ನ ಗುಂಪಿಗೆ ವರ್ಡ್ ಅನ್ನುತ್ತಾರೆ; 8192 ಬಿಟ್ ಇದ್ದರೆ ಅಂಥ 128 ವರ್ಡ್‌ಗಳನ್ನೂ ಅದು ಓದಲೇಬೇಕು. ಬಿಟ್‌ಮ್ಯಾಪ್ ಎಂಪ್ಟಿ ಅನ್ನುವ ಇನ್ನೊಂದು ಫಂಕ್ಷನ್ ಇದೆ. ಮೊದಲ ವರ್ಡ್‌ನಲ್ಲೇ ಒಂದು 1 ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ. 2022ರಲ್ಲಿ ಇಂಥ ಸಾಲುಗಳನ್ನು ಹುಡುಕಿ ಹುಡುಕಿ ತಿದ್ದಿದರು. ಕರ್ನಲ್ ಹುಟ್ಟಿ ಮೂವತ್ತು ವರ್ಷ ದಾಟಿದ ಮೇಲೆ ಮಾಡಿದ ಕೆಲಸ ಇದು. ಯಾರೋ ಬರೆದಿಟ್ಟಿದ್ದಾರೆ ಅಂತ ಎಲ್ಲರೂ ಸುಮ್ನೆ ಕೂತಿದ್ದರೆ ಆಗುತ್ತಿತ್ತಾ?

ನನ್ನ ಕೈಯಲ್ಲೇ ಆದದ್ದನ್ನೂ ಹೇಳುತ್ತೇನೆ. ಹಿಂದೆ ಕೆಲಸಕ್ಕಿದ್ದ ಕಡೆ ಒಂದು ನೆಟ್‌ವರ್ಕ್ ಡ್ರೈವರ್, ಅಂದರೆ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಕೋಡ್, ಇತ್ತು. ಪ್ಯಾಕೆಟ್, ಅಂದರೆ ನೆಟ್‌ವರ್ಕ್‌ನಲ್ಲಿ ಓಡಾಡುವ ಡೇಟಾದ ತುಂಡು, ಇಡಲು 4096 ಬಫರು, ಅದಕ್ಕೊಂದು ಬಿಟ್‌ಮ್ಯಾಪ್. ಬಫರ್ ಬೇಕಾದಾಗಲೆಲ್ಲ ಕೋಡ್ ಸೊನ್ನೆಯಿಂದ ಶುರು ಮಾಡಿ ಒಂದೊಂದೇ ಬಿಟ್ ಕೇಳುತ್ತಾ ಹೋಗುತ್ತಿತ್ತು. ಬೆಳಿಗ್ಗೆ ಟ್ರಾಫಿಕ್ ಕಡಿಮೆ ಇದ್ದಾಗ ಏನೂ ಗೊತ್ತಾಗುತ್ತಿರಲಿಲ್ಲ. ಬಫರ್‌ಗಳು ಮುಕ್ಕಾಲು ಪಾಲು ತುಂಬಿದ ಮೇಲೆ ಪ್ರತಿ ಪ್ಯಾಕೆಟ್ಟಿಗೂ ಮೂರು ಸಾವಿರ ಸಲ "ನೀನು ಖಾಲಿಯಾ?" ಅಂತ ಕೇಳಬೇಕು. ಎಲ್ಲಿ ಹೊತ್ತು ಹೋಗುತ್ತಿದೆ ಅಂತ ಅಳೆಯುವ ಪರ್ಫ್ ಹಾಕಿ ನೋಡಿದಾಗ, ಮತ್ತೆ ಮತ್ತೆ ಕೇಳುವ ಆ ಲೂಪ್ ಎಲ್ಲಕ್ಕಿಂತ ಮೇಲೆ ಕೂತಿತ್ತು.

ಅದರ ಜಾಗದಲ್ಲಿ ಕರ್ನಲ್‌ನದೇ ಫೈಂಡ್ ನೆಕ್ಸ್ಟ್ ಝೀರೋ ಬಿಟ್ ಹಾಕಿದೆ. ಅದು ವರ್ಡ್ ವರ್ಡ್ ಆಗಿ ನೋಡುತ್ತದೆ. ಪೂರ್ತಿ ಭರ್ತಿಯಾದ ವರ್ಡ್ ಸಿಕ್ಕರೆ 64 ಸೀಟು ಒಂದೇ ಹೆಜ್ಜೆಗೆ ದಾಟುತ್ತದೆ. ಒಂದಾದರೂ ಖಾಲಿ ಸೀಟು ಇರುವ ವರ್ಡ್ ಸಿಕ್ಕರೆ ಅದನ್ನು ತಿರುಗಿಸಿ, ಅಂದರೆ 0 ಇದ್ದಲ್ಲಿ 1, 1 ಇದ್ದಲ್ಲಿ 0 ಮಾಡಿ, ಮೊದಲ 1 ಎಲ್ಲಿದೆ ಅಂತ ಪ್ರೊಸೆಸರನ್ನೇ ಕೇಳುತ್ತದೆ. ಇಂಟೆಲ್ 80386 ಕಾಲದಿಂದ ಇದಕ್ಕೆ ಒಂದೇ ಇನ್‌ಸ್ಟ್ರಕ್ಷನ್ ಇದೆ. 4096 ಬಿಟ್ ಅಂದರೆ 64 ವರ್ಡ್. ಹೆಚ್ಚೆಂದರೆ ಅಷ್ಟು ನೋಡಿದರೆ ಮುಗಿಯಿತು. ಹಿಂದಿನ ಸಲ ಕೊಟ್ಟ ಬಫರಿನ ಮುಂದಿನಿಂದ ಹುಡುಕಿದರೆ ಸಾಮಾನ್ಯವಾಗಿ ಅಷ್ಟೂ ಬೇಡ.

ಆ ಖುಷಿಯಲ್ಲಿ ನಾನು, ಒಂದು ಸಿಪಿಯು ಚಾರ್ಟ್ ಹಿಡಿದಿರುವಾಗ ಇನ್ನೊಂದು ಮುಟ್ಟದಂತೆ ತಡೆಯುವ ಲಾಕನ್ನೂ ತೆಗೆದುಬಿಟ್ಟೆ. ತಪ್ಪು ನನ್ನದೇ. ಖಾಲಿ ಬಿಟ್ ಹುಡುಕುವುದು ಒಂದು ಕೆಲಸ, ಅದಕ್ಕೆ ಗೀಟು ಹಾಕುವುದು ಇನ್ನೊಂದು. ಎರಡರ ಮಧ್ಯೆ ಮತ್ತೊಂದು ಸಿಪಿಯು ಬಂದು ಅದೇ ಬಿಟ್ ನೋಡಿತು. ಒಂದೇ ಸೀಟನ್ನು ಇಬ್ಬರಿಗೆ ಕೊಟ್ಟ ಹಾಗಾಯಿತು. ಒಂದು ಪ್ಯಾಕೆಟ್ಟಿನ ಮೇಲೆ ಇನ್ನೊಂದು ಬರೆದುಕೊಂಡು, ಎಲ್ಲೋ ದೂರದಲ್ಲಿ ಚೆಕ್‌ಸಮ್, ಅಂದರೆ ಡೇಟಾ ಕೆಟ್ಟಿಲ್ಲ ಅಂತ ತಾಳೆ ನೋಡುವ ಲೆಕ್ಕ, ತಪ್ಪು ಅಂತ ಕಾಣಿಸುತ್ತಿತ್ತು. ಹಿಡಿಯಲು ಎರಡು ದಿನ ಬೇಕಾಯಿತು. ಗೀಟು ಹಾಕುವಾಗಲೇ ಮೊದಲೇ ಹಾಕಿತ್ತಾ ಅಂತ ತಿಳಿಸುವ ಟೆಸ್ಟ್ ಅಂಡ್ ಸೆಟ್ ಬಿಟ್ ಇರುವುದು ಇದಕ್ಕೇ. ಹಾಕಿತ್ತು ಅಂದರೆ ಮುಂದಿನ ಸೀಟು ಹುಡುಕಬೇಕು.

ಎಲ್ಲ ಕಡೆ ತಿದ್ದಬೇಕು ಅಂತಲ್ಲ. ಬಿಟ್‌ಮ್ಯಾಪ್ ಒಂದೇ ವರ್ಡ್‌ನಷ್ಟು ಚಿಕ್ಕದು ಅಂತ ಕಂಪೈಲರಿಗೆ, ಅಂದರೆ ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರಿಗೆ, ಮೊದಲೇ ಗೊತ್ತಿದ್ದರೆ, ಲೂಪೇ ಇಲ್ಲದ ಹಾಗೆ ಅದನ್ನು ಬರೆಯುವ ದಾರಿ ಕರ್ನಲ್‌ನಲ್ಲಿ ಆಗಲೇ ಇದೆ. ಅಲ್ಲಿ ಕೈ ಹಾಕಿ ಪ್ರಯೋಜನ ಇಲ್ಲ. ಎಲ್ಲಿ ಹೊತ್ತು ಹೋಗುತ್ತಿದೆ ಅಂತ ಅಳೆದು ನೋಡಿಯೇ ತಿದ್ದಬೇಕು. ಇಂಥ ತಾಳ್ಮೆ ಇರುವ ಮಕ್ಕಳು ನಮ್ಮ ತಾಲೂಕು ಕಾಲೇಜುಗಳಲ್ಲಿ ಎಷ್ಟೋ ಜನ ಇದ್ದಾರೆ. ಕೋಡ್ ಪೂರ್ತಿ ಬಿಟ್ಟಿಯಾಗಿ ಸಿಗುತ್ತದೆ. ತಿದ್ದಿದ್ದನ್ನು ಇಮೇಲ್‌ನಲ್ಲಿ ಕಳಿಸಬಹುದು. ಯಾವ ಕಾಲೇಜು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಇದೇ ಕರ್ನಲ್. ಹಾಗಾಗಿ ಸರಿಯಾಗಿ ತಿದ್ದಿದ ಒಂದು ಸಾಲು ಊರ ಸಂತೆಯಲ್ಲಿ ನಿಂತವರ ಜೇಬಿಗೂ ಹೋಗಿ ಸೇರಬಹುದು.

ಉದ್ಯೋಗ ಪುಟದಲ್ಲಿ ತಿಂಗಳಿಗೆ ಒಂದು ಸಲ ಅರ್ಧ ಪುಟ ಈ ಕೆಲಸಕ್ಕೆ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಬರೆಯುವವರು ಸಿಗದಿದ್ದರೆ ನಾನೇ ಬರೆದುಕೊಡುತ್ತೇನೆ, ದುಡ್ಡು ಬೇಡ. ಅಪ್ಪನ ಹಳೇ ಚಾರ್ಟ್ ಒಂದು ಅಮ್ಮನ ಟ್ರಂಕಿನಲ್ಲಿ ಇನ್ನೂ ಇದೆ. ಮೊದಲ ಬರಹದ ಜೊತೆ ಅದರ ಫೋಟೋ ಕಳಿಸುತ್ತೇನೆ.

— ಅರಸೀಕೆರೆಯ ಓದುಗಿ, ಸದ್ಯ ಬೆಂಗಳೂರು