ನಮ್ಮ ಹಳೇ ಚರ್ಚನ್ನು ಉಳಿಸಿಕೊಟ್ಟ ನಿಮ್ಮೆಲ್ಲರಿಗೆ

ಕಳೆದ ಭಾನುವಾರ ನಮ್ಮ ಮೆಥಡಿಸ್ಟ್ ಚರ್ಚಿನ ಬಾಗಿಲು ಮತ್ತೆ ತೆರೆಯಿತು. ಎರಡು ವರ್ಷ ಬೀಗ ಬಿದ್ದಿತ್ತು. ಗಂಟೆ ಬಾರಿಸಿದ ಕೂಡಲೇ ನನಗೆ ಅಳು ಬಂತು. ಅವತ್ತು ಎಲ್ಲರ ಮುಂದೆ ನಿಂತು ಹೇಳಬೇಕು ಅಂದುಕೊಂಡಿದ್ದನ್ನು ಹೇಳಲು ಆಗಲೇ ಇಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲ ವಂದನೆ ಗಾರೆ ಮೇಸ್ತ್ರಿಗೆ. ಗೋಡೆಗಳು ಯಾಕೆ ಸದಾ ಒದ್ದೆ ಇರುತ್ತವೆ ಅಂತ ನಮಗೆ ಗೊತ್ತಿರಲಿಲ್ಲ. ಅವರು ಕೈಯಿಟ್ಟು ನೋಡಿದವರೇ ಕಾರಣ ಹೇಳಿದರು. ಹಿಂದೊಮ್ಮೆ ರಿಪೇರಿ ಮಾಡುವಾಗ ಹಳೇ ಇಟ್ಟಿಗೆಯ ಮೇಲೆ ಸಿಮೆಂಟ್ ಬಳಿದಿದ್ದರು. ಸುಣ್ಣದ ಗಾರೆ ತೇವ ಹೀರಿದರೂ ಅದನ್ನು ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟ್ ಸುಲಭಕ್ಕೆ ಬಿಡುವುದಿಲ್ಲ. ನೀರು ಒಳಗೇ ಕೂತು ಇಟ್ಟಿಗೆ ಪುಡಿಯಾಗುತ್ತಿತ್ತು. ಆ ಸಿಮೆಂಟನ್ನು ಅವರು ಉಳಿಯಿಂದ ಚೂರುಚೂರಾಗಿ ಬಿಡಿಸಿದರು. ತಿಂಗಳುಗಟ್ಟಲೆ ನಡೆದ ಕೆಲಸ ಅದು. ಒಂದು ದಿನವೂ ಅವಸರ ಮಾಡಲಿಲ್ಲ.

ತೊಲೆಗಳ ಗೆದ್ದಲು ತೆಗೆದ ಬಡಗಿಗಳಿಗೆ, ಬೆಂಚುಗಳನ್ನು ಒರೆಸಿ ಎಣ್ಣೆ ಹಚ್ಚಿದ ಸಂಡೇ ಸ್ಕೂಲ್ ಮಕ್ಕಳಿಗೆ, ಅಷ್ಟು ದಿನ ಆರಾಧನೆಗೆ ತಮ್ಮ ಮನೆ ಕೊಟ್ಟವರಿಗೆ ನಾವು ಋಣಿಗಳು.

ಇನ್ನೊಬ್ಬರಿದ್ದಾರೆ. ಸಭೆಯ ಹಿರಿಯಮ್ಮ. ಚರ್ಚಿನ ಹಳೇ ಲೆಕ್ಕದ ಪುಸ್ತಕವನ್ನು ಇಷ್ಟು ವರ್ಷ ತಮ್ಮ ಟ್ರಂಕಿನಲ್ಲಿ ಜೋಪಾನ ಮಾಡಿದ್ದರು. ಮೆಥಡಿಸ್ಟರಲ್ಲಿ ಪಾಸ್ಟರ್‌ಗಳು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಕಟ್ಟಡದ ನೆನಪು ಉಳಿಯುವುದು ಇಂಥ ಮನೆಗಳಲ್ಲೇ, ಅಲ್ವಾ? ಪುಸ್ತಕ ತೆರೆದು ನೋಡಿದೆ. ದೊಡ್ಡ ದಾನಿಗಳು ಯಾರೂ ಇಲ್ಲ. ಪುಟ ಪುಟಕ್ಕೂ ಚಿಕ್ಕ ಚಿಕ್ಕ ಮೊತ್ತ. ಕೆಲವು ಹೆಸರಿನ ಮುಂದೆ ಹೆಬ್ಬೆಟ್ಟು.

ಅದನ್ನು ನೋಡಿದಾಗ ಇಂಗ್ಲೆಂಡಿನ ಬ್ರಿಸ್ಟಲ್‌ನ ಕಥೆ ನೆನಪಾಯಿತು. ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ 1739ರಲ್ಲಿ ಅಲ್ಲಿ ನ್ಯೂ ರೂಮ್ ಎಂಬ ಸಭಾಮಂದಿರ ಕಟ್ಟಿಸಲು ಶುರು ಮಾಡಿದರು. ಮೆಥಡಿಸ್ಟರು ಕಟ್ಟಿದ ಮೊದಲ ಕಟ್ಟಡ ಅದು. ಸಾಲ ಉಳಿದುಬಿಟ್ಟಿತು. 1742ರ ಫೆಬ್ರವರಿಯಲ್ಲಿ ಸಾಲ ತೀರಿಸುವುದು ಹೇಗೆ ಅಂತ ಕೂತು ಮಾತಾಡಿದರು. ಕ್ಯಾಪ್ಟನ್ ಫಾಯ್ ಎಂಬುವರು, ಒಬ್ಬೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದರು. ತುಂಬ ಜನರಿಗೆ ಅದೂ ಆಗುವುದಿಲ್ಲ ಎಂಬ ಮಾತು ಬಂತು. ಹಾಗಾದರೆ ಹನ್ನೊಂದು ಬಡವರನ್ನು ನನಗೆ ಬಿಡಿ, ವಾರವಾರ ಅವರ ಬಳಿ ಹೋಗುತ್ತೇನೆ, ಅವರಿಗೆ ಆಗದಿದ್ದರೆ ಅವರದನ್ನೂ ನಾನೇ ಕೊಡುತ್ತೇನೆ ಎಂದರು ಅವರು. ಬೇರೆಯವರೂ ಹಾಗೇ ಒಪ್ಪಿಕೊಂಡರು. ಕಾಸಿಗೆಂದು ಮನೆಮನೆಗೆ ಹೋದವರಿಗೆ ಅಲ್ಲಿನ ಕಷ್ಟ, ಜಗಳ, ಕಾಯಿಲೆ ಎಲ್ಲ ಕಣ್ಣಿಗೆ ಬಿತ್ತು. ಚಿಕ್ಕ ಗುಂಪುಗಳಾಗಿ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಮೆಥಡಿಸ್ಟರ ಕ್ಲಾಸ್ ಕೂಟಗಳು ಹುಟ್ಟಿದ್ದು ಹಾಗೆ. ಕಟ್ಟಡದ ಸಾಲದಿಂದ!

ನಮ್ಮಲ್ಲೂ ಆದದ್ದು ಅದೇ. ಚಾವಣಿಗೆ ಚಂದಾ ಕೇಳಲು ಹೋದಾಗಲೇ ವರ್ಷಗಳಿಂದ ಆರಾಧನೆಗೆ ಬಾರದ ಎಷ್ಟೋ ಜನರ ಮನೆಯಲ್ಲಿ ಕೂತು ಮಾತಾಡಿದೆವು. ಕೆಲವರ ಕೈಯಲ್ಲಿ ಕೊಡಲು ಏನೂ ಇರಲಿಲ್ಲ. ಅವರ ಪಾಲನ್ನು ಯಾರೋ ಹೆಸರು ಹೇಳದೆ ತುಂಬಿದ್ದೀರಿ. ನೀವು ಯಾರೆಂದು ನಾನು ಹುಡುಕಲು ಹೋಗುವುದಿಲ್ಲ. ಕೈಮುಗಿಯುತ್ತೇನೆ, ಅಷ್ಟೇ.

ಗೋಡೆಗಳಲ್ಲಿ ಅಲಂಕಾರ ಜಾಸ್ತಿ ಇಲ್ಲ. ಹಳೇ ಮೆಥಡಿಸ್ಟರಿಗೆ ಪ್ರಸಂಗ, ಅಂದರೆ ಆರಾಧನೆಯಲ್ಲಿ ಮಾಡುವ ಬೋಧನೆ, ಎಲ್ಲರಿಗೂ ಕೇಳಿಸಬೇಕಿತ್ತು. ಮಾತು ಚೆನ್ನಾಗಿ ಕೇಳಿಸಲಿ ಎಂದು ವೆಸ್ಲಿ ಎಂಟು ಮೂಲೆಯ ಕಟ್ಟಡಗಳನ್ನೇ ಮೆಚ್ಚಿದ್ದರು. ನಮ್ಮದಕ್ಕೆ ನಾಲ್ಕೇ ಮೂಲೆ. ಆದರೂ ಭಾನುವಾರ ಕೊನೆಯ ಬೆಂಚಿನಲ್ಲಿ ಕೂತಿದ್ದ ನನಗೆ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು.

ಲೆಕ್ಕದ ಪುಸ್ತಕದ ಕೊನೆಯಲ್ಲಿ ಖಾಲಿ ಹಾಳೆಗಳಿದ್ದವು. ಹಿರಿಯಮ್ಮನ ಒಪ್ಪಿಗೆ ಪಡೆದು ಅದರಲ್ಲೇ ನಿಮ್ಮ ಹೆಸರುಗಳನ್ನು ಬರೆಯುತ್ತಿದ್ದೇವೆ. ಯಾರದಾದರೂ ಬಿಟ್ಟುಹೋಗಿದ್ದರೆ ದಯವಿಟ್ಟು ಹೇಳಿ. ಇನ್ನೂ ಜಾಗ ಇದೆ.