ಥ್ಯಾಂಕ್ಸ್ ಪಟ್ಟಿಯಲ್ಲಿ ಒಬ್ಬ ಇಟಲಿಯವರೂ ಇದ್ದಾರೆ

ಎಲ್ಲರಿಗೂ ನಮಸ್ಕಾರ. ಕಳೆದ ವಾರದ ಚೆಕಪ್ಪಿನಲ್ಲಿ ಡಾಕ್ಟರು ಮತ್ತೆ ಸೈಕಲ್ ಹತ್ತಲು ಒಪ್ಪಿಗೆ ಕೊಟ್ಟರು. ಷರತ್ತು ಎರಡು: ರೇಸ್ ಬೇಡ, ಒಬ್ಬರೇ ಹೋಗೋದು ಬೇಡ. ಕಳೆದ ವರ್ಷ ಆಫೀಸಿನ ಮೆಟ್ಟಿಲಲ್ಲಿ ಕುಸಿದು ಬಿದ್ದವನಿಗೆ ಇಷ್ಟು ಸಿಕ್ಕಿದ್ದೇ ಜಾಸ್ತಿ.

ಆ ದಿನ ಆಂಬುಲೆನ್ಸ್ ಬರುವವರೆಗೂ ಬಿಡದೆ ಎದೆ ಒತ್ತಿದ ಇಬ್ಬರು ಸಹೋದ್ಯೋಗಿಗಳಿಗೆ ಮೊದಲ ಥ್ಯಾಂಕ್ಸ್. ಏನು ಹೇಳಿದರೂ ಕಡಿಮೆಯೇ, ಆದ್ದರಿಂದ ಇಲ್ಲಿ ಜಾಸ್ತಿ ಹೇಳುವುದಿಲ್ಲ. ಐಸಿಯು ಸಿಸ್ಟರ್‌ಗಳಿಗೆ, ಹೆಂಡತಿಗೆ, ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಭಾವನಿಗೆ ಕೂಡ. ಅಮ್ಮ ಈಗಲೂ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳೋದು, "ಡಬ್ಬಿ ಸರಿಯಾಗಿದೆಯೇನೋ?" ಡಬ್ಬಿ ಅಂದರೆ ನನ್ನ ಐಸಿಡಿ. ಎಡಗಡೆ ಹೆಗಲಿನ ಕೆಳಗೆ, ಚರ್ಮದ ಅಡಿಯಲ್ಲಿ ಕೂತಿದೆ. ಹೃದಯ ಅಡ್ಡಾದಿಡ್ಡಿ ಬಡಿಯತೊಡಗಿದರೆ ಒಳಗಿನಿಂದಲೇ ಶಾಕ್ ಕೊಡುತ್ತದೆ. ಬ್ಯಾಗಿನ ಪಟ್ಟಿ ಸರಿಯಾಗಿ ಅದರ ಮೇಲೇ ಬಂದು ಕೂರುತ್ತದೆ, ಅದೊಂದು ರಗಳೆ.

ಇನ್ನೊಬ್ಬರಿಗೆ ಥ್ಯಾಂಕ್ಸ್ ಹೇಳೋದಿದೆ. ಅವರಿಗೆ ನಾನು ಯಾರು ಅಂತ ಗೊತ್ತಿಲ್ಲ. ಸೋನಿ ಕೋಲ್ಬ್ರೆಲ್ಲಿ, ಇಟಲಿಯ ಸೈಕಲ್ ರೇಸರ್. ನಮ್ಮ ಸೈಕ್ಲಿಂಗ್ ಗುಂಪಿನಲ್ಲಿ ಪಂತಾನಿ, ನಿಬಾಲಿ ಹೆಸರು ಕೇಳಿದವರು ಬೇಕಾದಷ್ಟು ಜನ. ಇವರನ್ನು ಬಲ್ಲವರು ಕಡಿಮೆ. ಗಾರ್ದಾ ಸರೋವರದ ದಡದ ದೆಸೆಂಜಾನೊದಲ್ಲಿ 1990ರಲ್ಲಿ ಹುಟ್ಟಿದವರು. 2012ರಲ್ಲಿ ಒಂದು ಸಣ್ಣ ಇಟಾಲಿಯನ್ ತಂಡದಿಂದ ವೃತ್ತಿಗೆ ಬಂದರು, 2017ರಲ್ಲಿ ಬಹ್ರೇನ್ ತಂಡ ಸೇರಿದರು. ಅಡ್ಡಹೆಸರು 'ಕೋಬ್ರಾ'. ವರ್ಷಗಟ್ಟಲೆ ಒಳ್ಳೆಯ ಸ್ಪ್ರಿಂಟರ್ ಅನ್ನಿಸಿಕೊಂಡರೇ ಹೊರತು ಬಹಳ ದೊಡ್ಡ ಹೆಸರೇನೂ ಆಗಿರಲಿಲ್ಲ.

ಆಮೇಲೆ 2021 ಬಂತು. ಇಟಲಿಯ ಚಾಂಪಿಯನ್ ಆದರು. ಸೆಪ್ಟೆಂಬರ್‌ನಲ್ಲಿ ಟ್ರೆಂಟೊದಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್. ಬೆಲ್ಜಿಯಂನ ರೆಮ್ಕೊ ಎವೆನೆಪೂಲ್ ಏರಿನಲ್ಲಿ ಎಷ್ಟು ಜಾಡಿಸಿದರೂ ಕೋಲ್ಬ್ರೆಲ್ಲಿ ಅವರ ಹಿಂದಿನ ಚಕ್ರ ಬಿಡಲಿಲ್ಲ. ಕೊನೆಗೆ ಸ್ಪ್ರಿಂಟ್‌ನಲ್ಲಿ ಸುಲಭವಾಗಿ ಗೆದ್ದರು. ಸರಿಯಾಗಿ ಮೂರು ವಾರಕ್ಕೆ, ಅಕ್ಟೋಬರ್ 3ಕ್ಕೆ, ಪ್ಯಾರಿಸ್-ರೂಬೇ, ಫ್ರಾನ್ಸಿನ ಹೆಸರಾಂತ ಒಂದು ದಿನದ ರೇಸ್. ವಸಂತದಲ್ಲಿ ನಡೆಯುವ ರೇಸ್ ಆ ವರ್ಷ ಕೊರೊನಾದಿಂದಾಗಿ ಅಕ್ಟೋಬರ್‌ಗೆ ಹೋಗಿತ್ತು. 257 ಕಿಲೋಮೀಟರಿಗೂ ಹೆಚ್ಚು ದೂರ, ಅದರಲ್ಲಿ ಸುಮಾರು 55 ಕಿಲೋಮೀಟರ್ ಹೊಲಗಳ ನಡುವಿನ ಹಳೆಯ ಕಲ್ಲುಹಾಸಿನ ದಾರಿ. ಒಣಗಿದ್ದರೇ ಆ ಕಲ್ಲುಗಳು ಕೈ ಕಿತ್ತು ಬರುವ ಹಾಗೆ ಅಲ್ಲಾಡಿಸುತ್ತವೆ. ಆ ದಿನ ಮಳೆ ಬೇರೆ. 2002ರ ನಂತರ ರೂಬೇ ಅಷ್ಟು ಒದ್ದೆಯಾಗಿದ್ದೇ ಇಲ್ಲ.

ಆ ರೇಸನ್ನು ಆಸ್ಪತ್ರೆಯಿಂದ ಬಂದ ಮೇಲೆ ಮತ್ತೆ ಮತ್ತೆ ನೋಡಿದೆ. ಒಬ್ಬೊಬ್ಬರ ಮುಖವೂ ಕೆಸರಲ್ಲಿ ಅದ್ದಿ ತೆಗೆದ ಹಾಗಿದೆ. ಇಟಲಿಯವರೇ ಆದ ಜಾನ್ನಿ ಮೋಸ್ಕೊನ್ ಒಬ್ಬರೇ ಮುಂದೆ ಹೋಗಿರುತ್ತಾರೆ, ಟೈರ್ ಪಂಕ್ಚರ್, ಸೈಕಲ್ ಬದಲಾಯಿಸಿ ಹೊರಟರೆ ಕಲ್ಲಿನ ಮೇಲೆ ಜಾರಿ ಬೀಳುತ್ತಾರೆ. ಪಾಪ, ಅದನ್ನು ಮಾತ್ರ ಪ್ರತಿಸಲ ಓಡಿಸಿಬಿಡುತ್ತೇನೆ. ಕೊನೆಗೆ ರೇಸ್ ಮುಗಿಯುವ ರೂಬೇಯ ವೆಲೊಡ್ರೋಮ್‌ಗೆ, ಅಂದರೆ ಸೈಕಲ್ ಕ್ರೀಡಾಂಗಣಕ್ಕೆ, ಮೂವರು ಬರುತ್ತಾರೆ: ವಾನ್ ಡರ್ ಪೂಲ್, ವರ್ಮೀಶ್, ಕೋಲ್ಬ್ರೆಲ್ಲಿ. ಮೂವರಿಗೂ ಅದು ಮೊದಲ ರೂಬೇ! ವರ್ಮೀಶ್ ಮೊದಲು ನುಗ್ಗುತ್ತಾರೆ, ಕೊನೇ ಗಳಿಗೆಯಲ್ಲಿ ಕೋಲ್ಬ್ರೆಲ್ಲಿ ಪಕ್ಕದಿಂದ ದಾಟುತ್ತಾರೆ. ಆಮೇಲೆ ಹುಲ್ಲಿನ ಮೇಲೆ ಬಿದ್ದು ಹೊರಳಾಡುತ್ತಾ ಚಿಕ್ಕ ಮಗುವಿನ ಹಾಗೆ ಅಳುತ್ತಾರೆ. ಎದ್ದು ಸೈಕಲನ್ನು ತಲೆಯ ಮೇಲೆತ್ತಿ ಹಿಡಿಯುತ್ತಾರೆ. 1999ರಲ್ಲಿ ಆಂದ್ರೆಯಾ ತಾಫಿ ಗೆದ್ದ ಮೇಲೆ ಇಟಲಿಗೆ ಅದೇ ಮೊದಲ ರೂಬೇ.

ಆರು ತಿಂಗಳೂ ಆಗಲಿಲ್ಲ. 2022ರ ಮಾರ್ಚ್ 21, ಸ್ಪೇನಿನ ವೋಲ್ಟಾ ಕಟಲೂನ್ಯಾ ರೇಸಿನ ಮೊದಲ ದಿನ. ಮೈಕಲ್ ಮ್ಯಾಥ್ಯೂಸ್ ಹಿಂದೆ ಎರಡನೆಯವರಾಗಿ ಗೆರೆ ದಾಟಿದರು, ಸ್ವಲ್ಪ ಹೊತ್ತಿಗೇ ಕುಸಿದರು. ಹೃದಯ ಸ್ತಂಭನ. ಫಿನಿಶ್ ಜಾಗವಾದ್ದರಿಂದ ವೈದ್ಯಕೀಯ ಸಿಬ್ಬಂದಿ ಹತ್ತಿರದಲ್ಲೇ ಇದ್ದರು, ಡಿಫಿಬ್ರಿಲೇಟರ್ ಇತ್ತು. ಎದೆ ಒತ್ತಿ, ಶಾಕ್ ಕೊಟ್ಟು ಉಳಿಸಿಕೊಂಡರು. ಆಮೇಲೆ ಇಟಲಿಯ ಪಾಡುವಾದಲ್ಲಿ ಅವರಿಗೂ ಒಂದು ಡಬ್ಬಿ ಕೂರಿಸಿದರು.

ಇಟಲಿಯಲ್ಲಿ ಸ್ಪರ್ಧೆಗೆ ಇಳಿಯಲು ವೈದ್ಯಕೀಯ ಸರ್ಟಿಫಿಕೇಟ್ ಬೇಕು, ಡಬ್ಬಿ ಇದ್ದವರಿಗೆ ಇಂಥ ಆಟಗಳಲ್ಲಿ ಅದು ಸಿಗುವುದಿಲ್ಲ. ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ನೆನಪಿರಬೇಕಲ್ವಾ? 2021ರ ಯೂರೋದಲ್ಲಿ ಮೈದಾನದಲ್ಲೇ ಕುಸಿದವರು. ಅವರು ಇದೇ ಕಾರಣಕ್ಕೆ ಇಂಟರ್ ಮಿಲಾನ್ ಬಿಟ್ಟು ಇಂಗ್ಲೆಂಡಿಗೆ ಹೋಗಿ ಮತ್ತೆ ಆಡಿದರು. ಕೋಲ್ಬ್ರೆಲ್ಲಿ ಕೂಡ ಬೇರೆ ದೇಶದಿಂದ ಅನುಮತಿ ತೆಗೆದುಕೊಳ್ಳುವ ಯೋಚನೆ ಮಾಡಿದ್ದರು. ಆದರೆ 2022ರ ನವೆಂಬರ್‌ನಲ್ಲಿ ನಿವೃತ್ತಿ ಹೇಳಿದರು. ಆಗ ಅವರಿಗೆ 32 ವರ್ಷ. ಅವರು ಕೊಟ್ಟ ಕಾರಣ ತೀರಾ ಸರಳ: ಸೈಕ್ಲಿಂಗ್ ನಡೆಯೋದು ಕ್ರೀಡಾಂಗಣದಲ್ಲಿ ಅಲ್ಲ, ರಸ್ತೆಯಲ್ಲಿ. ಅಭ್ಯಾಸಕ್ಕೆ ಹೋದಾಗ ಹೆಚ್ಚಿನ ಹೊತ್ತು ಒಬ್ಬರೇ, ಅದೂ ಜನ ಓಡಾಡದ ದಾರಿಗಳಲ್ಲಿ. ಏನಾದರೂ ಆದರೆ ಓಡಿ ಬರೋಕೆ ಯಾರಿರುತ್ತಾರೆ?

ಆ ಮಾತು ಓದಿದಾಗ ನಾನು ಮನೆಯಲ್ಲಿ ದಿನಾ ಜಗಳ ಆಡುತ್ತಿದ್ದೆ. ಬೆಳಗಿನ ಜಾವ ಒಬ್ಬನೇ ಹೈವೇ ಕಡೆ ಹೋಗುವ ಸುಖ ಕೈಬಿಟ್ಟು ಹೋಯಿತಲ್ಲ ಅಂತ ಸಿಟ್ಟು. ಡಾಕ್ಟರು ಹೇಳಿದ್ದು ಕಿವಿಗೆ ಇಳಿದಿರಲಿಲ್ಲ, ಹೆಂಡತಿ ಹೇಳಿದ್ದಂತೂ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ರೂಬೇ ಗೆದ್ದ ಮನುಷ್ಯ, ಜೀವನದ ಅತ್ಯುತ್ತಮ ವರ್ಷದ ಬೆನ್ನಿಗೇ, ಅದೇ ಮಾತು ಹೇಳಿದಾಗ ಮಾತ್ರ ಯಾಕೋ ಕೇಳಿಸಿತು. ಅವರ ತ್ಯಾಗದ ಮುಂದೆ ನನ್ನ ಭಾನುವಾರದ ಸೈಕಲ್ ಸವಾರಿ ಯಾವ ಲೆಕ್ಕ? ಆದರೂ ಹೇಳುತ್ತೇನೆ: ಗ್ರಾಜಿಯೆ, ಸೋನಿ. ನೀವು ಬಚ್ಚಿಡದೆ ಎಲ್ಲರೆದುರು ಹೇಳಿದ್ದರಿಂದ ನಮ್ಮ ಮನೆಯಲ್ಲಿ ಒಂದು ಜಗಳ ಮುಗಿಯಿತು.

ಇನ್ನು ನಮ್ಮ ಗುಂಪಿನ ಗೆಳೆಯರಿಗೆ. ಇಷ್ಟು ದಿನ ನನ್ನ ಸೈಕಲ್ಲಿನ ಗಾಳಿ ಇಳಿಯದ ಹಾಗೆ ನೋಡಿಕೊಂಡಿದ್ದೀರಿ, ಕಳೆದ ತಿಂಗಳು ಎಲ್ಲರೂ ಸೇರಿ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ತರಬೇತಿ ಬೇರೆ ತೆಗೆದುಕೊಂಡಿರಿ. ಯಾರೂ ನನಗೆ ಹೇಳಿರಲಿಲ್ಲ, ಫೋಟೋ ನೋಡಿ ಗೊತ್ತಾಯಿತು. ತುಂಬಾ ಥ್ಯಾಂಕ್ಸ್ ಕಣ್ರೋ. ಈ ಭಾನುವಾರ ನಾನೂ ಬರುತ್ತೇನೆ, ಎಲ್ಲರಿಗಿಂತ ಹಿಂದೆ. ಏರು ಬಂದಾಗ ಸ್ವಲ್ಪ ಕಾಯಿರಿ. ತಿಂಡಿ ಬಿಲ್ ನನ್ನದು.