ಲಾಕ್ ಅಂದರೆ ಬೀಗ ಅಲ್ಲ

ಟ್ರಾವೆಲ್ ಏಜೆನ್ಸಿ ಮ್ಯಾನೇಜರ್ ಅವರಿಗೆ,

ಇದುವರೆಗೆ ಆರು ಸಲ ಫೋನ್ ಮಾಡಿದ್ದೇನೆ. ಪ್ರತಿ ಸಲವೂ "ಚೆಕ್ ಮಾಡಿ ಹೇಳ್ತೀವಿ ಸಾರ್" ಅಂದಿರಿ. ಯಾರೂ ಹೇಳಲಿಲ್ಲ. ಅದಕ್ಕೇ ಈ ಪತ್ರ.

ಜೂನ್‌ನಲ್ಲಿ ನಾನೂ ನನ್ನ ಹೆಂಡತಿಯೂ ನಿಮ್ಮ ಮೂಲಕ ಇಂಗ್ಲೆಂಡಿಗೆ ಹೋಗಿ ವುಸ್ಟರ್-ಬರ್ಮಿಂಗ್‌ಹ್ಯಾಮ್ ಕಾಲುವೆಯಲ್ಲಿ ನಾಲ್ಕು ದಿನ ನ್ಯಾರೋಬೋಟ್, ಅಂದರೆ ಕಾಲುವೆಯ ಉದ್ದನೆಯ ಕಿರಿದಾದ ದೋಣಿ, ಓಡಿಸಿದೆವು. ದಾರಿಯಲ್ಲಿ ಲಾಕುಗಳಿರುತ್ತವೆ: ಎರಡೂ ತುದಿಗೆ ಗೇಟಿರುವ ತೊಟ್ಟಿ, ಅದರಲ್ಲಿ ನೀರು ಏರಿಸಿ ಇಳಿಸಿ ದೋಣಿಯನ್ನು ಹತ್ತಿಸಿ ಇಳಿಸುತ್ತಾರೆ. ಬುಕ್ ಮಾಡುವಾಗಲೇ ಕೇಳಿದ್ದೆ: ನನಗೆ 66, ಅವಳಿಗೆ 61, ಅವಳಿಗೆ ಮಂಡಿ ನೋವು ಬೇರೆ, ನಮ್ಮಿಬ್ಬರಿಂದ ಇದು ಆಗುತ್ತಾ? "ಲಾಕ್ ಹತ್ರ ನಮ್ಮ ಸಹಾಯಕರು ಇರ್ತಾರೆ, ನೀವು ಸುಮ್ನೆ ಕೂತು ಟೀ ಕುಡೀರಿ" ಅಂದವರು ನೀವು. ಅದಕ್ಕೆ ಅಂತ 18,000 ರೂಪಾಯಿ ಜಾಸ್ತಿ ತಗೊಂಡವರೂ ನೀವೇ, ರಸೀದಿಯಲ್ಲಿದೆ. ಕೊಡದ ಸೇವೆಯ ಹಣ ವಾಪಸ್ ಅನ್ನೋ ಸಾಲು ನಿಮ್ಮ ಷರತ್ತುಗಳಲ್ಲಿ ಎಲ್ಲಿದೆ ಅಂತ ನಿಮಗೆ ನಾನು ತೋರಿಸಬೇಕಾಗಿಲ್ಲ.

ಆ ಕಾಲುವೆಯ ಟಾರ್ಡ್‌ಬಿಗ್ ಅನ್ನೋ ಜಾಗದಲ್ಲಿ ನಿಮ್ಮವರು ಒಬ್ಬರೂ ಇರಲಿಲ್ಲ. ಎರಡೂಕಾಲು ಮೈಲಿಯಲ್ಲಿ 30 ಲಾಕ್, ದೋಣಿ 220 ಅಡಿ ಕೆಳಗಿಳಿಯಬೇಕು. ಬ್ರಿಟನ್ನಿನಲ್ಲೇ ಇದಕ್ಕಿಂತ ಉದ್ದದ ಲಾಕುಗಳ ಸಾಲು ಇನ್ನೊಂದಿಲ್ಲ. ಕಬ್ಬಿಣದ ಹಿಡಿ ಸಿಕ್ಕಿಸಿ ತಿರುಗಿಸಿ ತೂಬು ಎತ್ತಬೇಕು. ಎರಡೂ ಕಡೆಯ ನೀರು ಒಂದೇ ಮಟ್ಟಕ್ಕೆ ಬರುವವರೆಗೆ ಗೇಟು ಅಲ್ಲಾಡುವುದಿಲ್ಲ, ಬಂದ ಮೇಲೂ ದಪ್ಪ ತೊಲೆಗೆ ಬೆನ್ನು ಕೊಟ್ಟು, ನೆಲಕ್ಕೆ ಹಿಮ್ಮಡಿ ಊರಿ ತಳ್ಳಬೇಕು. ಮಂಡಿ ನೋವಿನ ಹೆಂಗಸು ಮಳೆಯಲ್ಲಿ ನೆನೆದುಕೊಂಡು ಇದನ್ನು ಮಾಡಿದಳು. ನಾನು ಚುಕ್ಕಾಣಿ ಬಿಡುವ ಹಾಗಿರಲಿಲ್ಲ.

ಮೂರನೇ ಲಾಕಿನಲ್ಲಿ ದೋಣಿಯ ಹಿಂಭಾಗ ಸಿಲ್ ಮೇಲೆ ಕೂತುಬಿಟ್ಟಿತು. ಮೇಲಿನ ಗೇಟಿನ ಬುಡದಲ್ಲಿ ಹೊಸ್ತಿಲಿನ ಹಾಗೆ ಒಂದು ಕಟ್ಟೆ ಇರುತ್ತದೆ, ನೀರು ತುಂಬಿರುವಾಗ ಕಾಣುವುದಿಲ್ಲ. ದೋಣಿ ಕೊಟ್ಟವರು ಎಚ್ಚರಿಸಿದ್ದರು ನಿಜ, ಆದರೆ ಒಬ್ಬನೇ ಮುಂದೂ ಹಿಂದೂ ಎಷ್ಟು ಅಂತ ನೋಡಲಿ? ನೀರು ಇಳಿಯಿತು, ಮುಂಭಾಗ ಇಳಿಯಿತು, ಹಿಂಭಾಗ ಮೇಲೇ ಉಳಿಯಿತು. ಒಳಗೆ ತಟ್ಟೆ ಲೋಟ ಎಲ್ಲ ಜಾರಿ ಬಿದ್ದವು. ಹಿಂದೆ ಬರುತ್ತಿದ್ದ ದೋಣಿಯ ಹೆಂಗಸೊಬ್ಬರು ಓಡಿ ಬಂದು ಕೆಳಗಿನ ತೂಬು ಮುಚ್ಚಿ, ಮೇಲಿನದ್ದನ್ನು ಮೆಲ್ಲಗೆ ತೆಗೆದು ನೀರು ತುಂಬಿಸಿದರು. ಅದರಿಂದ ನಾವು ಉಳಿದೆವು.

ಇದನ್ನು ಹೇಳೋಕೆ ಮೈಸೂರಿನಿಂದ ರೈಲು ಹತ್ತಿ ನಿಮ್ಮ ಬೆಂಗಳೂರು ಆಫೀಸಿಗೆ ಬಂದೆವು. 40 ನಿಮಿಷ ಕಾಯಿಸಿದಿರಿ. ನೀಲಿ ಶರ್ಟಿನ ಹುಡುಗ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ "ಏನ್ ಪ್ರಾಬ್ಲಮ್ ಸಾರ್?" ಅಂದ. ಲಾಕ್ ಹತ್ತಿರ ಯಾರೂ ಇರಲಿಲ್ಲ ಅಂದೆ. "ಕೀ ಕೊಟ್ಟಿರಲಿಲ್ವಾ?" "ಯಾವ ಕೀ?" "ಲಾಕಿನ ಕೀ ಸಾರ್. ಕಳ್ಕೊಂಡ್ರಾ?" ಲಾಕ್ ಅಂದರೆ ಬೀಗ ಅಲ್ಲಪ್ಪ, ದೋಣಿ ಹತ್ತಿಸಿ ಇಳಿಸುವ ನೀರಿನ ತೊಟ್ಟಿ ಅಂತ ಕೈಯಲ್ಲಿ ಮಾಡಿ ತೋರಿಸಿದೆ. ಅವನು ಪಕ್ಕದ ಹುಡುಗಿಗೆ "ಸಾರ್ ಕೀ ಕಳ್ಕೊಂಡಿದ್ದಾರಂತೆ, ನೋಡಿ" ಅಂದ. ಕಾಯುತ್ತಾ ಕೂತಿದ್ದವರು ನಕ್ಕರು. ಆಮೇಲೆ ನೀವು ಒಳಗಿನಿಂದ ಬಂದಿರಿ. ನಿಂತುಕೊಂಡೇ, ಎಲ್ಲರೆದುರಿಗೆ, "ಈ ವಯಸ್ಸಲ್ಲಿ ಇಂಥದ್ದೆಲ್ಲ ಯಾಕೆ ಬೇಕಿತ್ತು ಸಾರ್, ಕಾಶಿ ಪ್ಯಾಕೇಜ್ ಇತ್ತಲ್ವಾ" ಅಂದಿರಿ. ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಸೆರಗಿನ ಅಂಚು ಮಡಚುತ್ತಾ, ಬಿಚ್ಚುತ್ತಾ ಕೂತಿದ್ದಳು.

ಲಾಕ್ ಅಂದರೆ ಏನು ಅಂತಲೇ ಗೊತ್ತಿಲ್ಲದವರು ಲಾಕಿಗೆ ಸಹಾಯಕರನ್ನು ಎಲ್ಲಿಂದ ಕಳಿಸ್ತೀರಿ?

ಆ 18,000 ವಾಪಸ್ ಕೊಡಿ ಅಂತ ಕೇಳೋಕೆ ಈ ಪತ್ರ ಶುರು ಮಾಡಿದ್ದೆ. ಈಗ ಅಷ್ಟಕ್ಕೇ ಬಿಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಮೈಸೂರಿನಲ್ಲೇ ದೂರು ಹಾಕಬಹುದು, ವಕೀಲರೂ ಬೇಕಿಲ್ಲ. ರಸೀದಿ, ನಿಮ್ಮ ಮೇಲ್, ಒಡೆದ ತಟ್ಟೆಗಳ ಫೋಟೋ ಎಲ್ಲ ಫೈಲಿಗೆ ಹಾಕಿಟ್ಟಿದ್ದೇನೆ. ಪ್ರತಿ ತಾರೀಖಿಗೂ ನಾನು ಬರುತ್ತೇನೆ. ನೀವೂ ಬನ್ನಿ. ಬರುವಾಗ ಆ ಹುಡುಗನನ್ನೂ ಕರೆದುಕೊಂಡು ಬನ್ನಿ.

ಇತಿ,
ನಿಮ್ಮ ಗ್ರಾಹಕ, ಮೈಸೂರು